ಎರಡು ಸಲ ಅದುಮಿದರೆ ಬಾಯಾರಿಕೆ

ಹಾಸಿಗೆ ಅಂಗಡಿಯ ಮುಂದೆ ಸ್ಪಂಜಿನ ವಾಸನೆ ಬಂದರೆ ನಿಮಗೆ ನಿದ್ದೆ ನೆನಪಾಗಬಹುದು. ನನಗೆ ಬೆವರು ನೆನಪಾಗುತ್ತದೆ, ಅದೂ ಇನ್ನೊಬ್ಬರ ಬೆವರು. ಮೊನ್ನೆ ಪಾಂಡವಪುರದಲ್ಲಿ ಜವರಣ್ಣನವರನ್ನು ಕಣ್ಣಿನ ಶಿಬಿರಕ್ಕೆ ಕರೆದೊಯ್ಯುವಾಗ ಅದೇ ವಾಸನೆ ಬಂತು. ಅವರೂ ಮೂಗು ಅರಳಿಸಿದರು.

ಜವರಣ್ಣ ನೀರುಗಂಟಿಯಾಗಿದ್ದವರು. ನಾಲೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವುದು, ನೀರು ಸಾಲದವರಿಂದ ಬೈಸಿಕೊಳ್ಳುವುದು ಅವರ ಕೆಲಸ. ನಾನು ಅದೇ ನೀರಾವರಿ ಕಚೇರಿಯ ಗುಮಾಸ್ತ, ಈಗಲೂ. ಯಾವುದೋ ವರ್ಷ ಮೇಲಿನವರಿಗೆ, ನೀರು ಉಳಿಸಿ ಎಂದು ಸಾರಲು ಕೃಷಿ ಪ್ರದರ್ಶನಗಳಲ್ಲಿ ಒಂದು ನೀರಿನ ಹನಿಯೇ ಓಡಾಡಬೇಕು ಎಂದು ಹೊಳೆಯಿತು. ಆಳೆತ್ತರದ ನೀಲಿ ಸ್ಪಂಜಿನ ಹನಿ, ದೊಡ್ಡ ಕಣ್ಣು, ನಗುವ ಬಾಯಿ. ಅದರೊಳಗೆ ಹೋಗಲು ಒಪ್ಪಿದವರು ಜವರಣ್ಣ ಒಬ್ಬರೇ.

"ಒಳ್ಗಿದ್ರೆ ನಾನ್ಯಾರು ಅಂತ ಗೊತ್ತಾಗಕಿಲ್ವಲ್ಲ ಸಾ. ಒಂದಿನಾನಾದ್ರೂ ಬಯ್ಯದೆ ಕೈ ಕುಲುಕ್ತಾರೆ ಬುಡಿ."

ಹಾಗೇ ಆಯಿತು. ತೂಬಿನ ಹತ್ತಿರ ಶಾಪ ಹಾಕಿದವರೇ ಹನಿಯ ಹೆಗಲಿಗೆ ಕೈ ಹಾಕಿ ಫೋಟೊ ತೆಗೆಸಿಕೊಂಡರು.

ಹನಿಯ ಕಣ್ಣು ಬರೀ ತೋರಿಕೆಗೆ. ಒಳಗಿನವರಿಗೆ ಬಾಯಿಯ ಜಾಲರಿಯಿಂದ ತಮ್ಮ ಕಾಲಬೆರಳು ಮಾತ್ರ ಕಾಣುತ್ತಿತ್ತು. ಕೈ ಹಿಡಿದು ನಡೆಸುವವನು ನಾನು. ಚಿಂತೆಯೇ ನನ್ನ ಕಾಯಂ ಹುದ್ದೆಯಾದ್ದರಿಂದ ಒಂದು ನಿಯಮ ಮಾಡಿದ್ದೆ: ಹನಿ ಬಾಯಿ ಬಿಡಕೂಡದು. ದನಿ ಗುರುತು ಹಿಡಿದು ಯಾರಾದರೂ ನೀರಿನ ಜಗಳ ತೆಗೆದರೆ? ಅದಕ್ಕೇ ಕೈಸನ್ನೆ. ಒಮ್ಮೆ ಅದುಮಿದರೆ ನಿಲ್ಲಬೇಕು. ಎರಡು ಸಲಕ್ಕೆ ಬಾಯಾರಿಕೆ. ಮೂರಕ್ಕೆ ಏನೆಂದು ನೀವೇ ಊಹಿಸಿಕೊಳ್ಳಿ.

ಶ್ರೀರಂಗಪಟ್ಟಣದ ಪ್ರದರ್ಶನಕ್ಕೆ ಕೆ.ಆರ್. ಪೇಟೆ ಕಡೆಯವರೂ ಒಂದು ಹನಿ ತಂದಿದ್ದರು. ಎರಡನ್ನೂ ಹೊಲಿದವನು ಒಬ್ಬನೇ ದರ್ಜಿ. ಸುಡುಬಿಸಿಲು. ಬೈಕಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಚಿಂತೆ ಹತ್ತಿ, ಜವರಣ್ಣನವರನ್ನು ಒಂದು ಮಳಿಗೆಯ ಹೊರಮೂಲೆಯಲ್ಲಿ ನಿಲ್ಲಿಸಿ ನೋಡಲು ಹೋದೆ. ಹಾಕಿತ್ತು. ವಾಪಸ್ ಬಂದು, ಮಳಿಗೆಯ ಮುಂದೆ ನಿಂತಿದ್ದ ಹನಿಗೆ, "ಬನ್ನಿ ಜವರಣ್ಣ, ನೆರಳಲ್ಲಿ ಕೂರೋಣ" ಎಂದು ಕೈ ಹಿಡಿದು ನಮ್ಮ ಡೇರೆಗೆ ಕರೆತಂದೆ. ಕೈ ಅದುಮಿದೆ, ಅತ್ತಲಿಂದ ಸದ್ದಿಲ್ಲ. ಮುನಿಸಿಕೊಂಡರೇನೋ ಎಂದು ಮಜ್ಜಿಗೆ ತರಿಸಿದೆ, ರಟ್ಟಿನಲ್ಲಿ ಗಾಳಿ ಬೀಸಿದೆ. ಬಹಳ ಹೊತ್ತಿನ ಮೇಲೆ ಬೆನ್ನಿನ ಜಿಪ್ಪು ಎಳೆದರೆ, ಒಳಗೆ ಯಾವನೋ ದಪ್ಪ ಮೀಸೆಯವನು!

"ಭಾಳ ಒಳ್ಳೇವ್ರು ಸಾ ನೀವು," ಎಂದ. "ನಮ್ ಕಡೆಯೋರು ಇಂಗೆಲ್ಲ ನೋಡ್ಕಳಕಿಲ್ಲ."

ಓಡಿದೆ. ಜವರಣ್ಣ ನಾನು ನಿಲ್ಲಿಸಿದ ಜಾಗದಲ್ಲೇ, ಬಿಸಿಲಲ್ಲಿ, ಒಂದು ಕೈ ಮುಂದೆ ಚಾಚಿಕೊಂಡು ನಿಂತಿದ್ದರು. ಹಿಡಿದೆ. ಎರಡು ಸಲ ಅದುಮಿದರು. ಎರಡನೆಯದರಲ್ಲಿ ಬಲವೇ ಇರಲಿಲ್ಲ. ಹೊರಗೆ ತೆಗೆದಾಗ ತಲೆಸುತ್ತಿ ಬಿದ್ದರು, ಮೂರು ದಿನ ಜ್ವರದಲ್ಲಿ ಮಲಗಿದರು. ಕಚೇರಿಯಿಂದ ಫೋನ್ ಬಂದಿತ್ತು, ಅದಕ್ಕೇ ತಡವಾಯಿತು ಎಂದು ಸುಳ್ಳು ಹೇಳಿದೆ. ಆಮೇಲೆ ಅವರು ಹನಿಯೊಳಗೆ ಹೋಗಲೇ ಇಲ್ಲ. ಬೈಸಿಕೊಳ್ಳುತ್ತಲೇ ನಿವೃತ್ತರಾದರು.

ಆ ಸುಳ್ಳು ಹೊತ್ತು ಹೊತ್ತು ನನಗೂ ಸಾಕಾಗಿತ್ತು. ಮೊನ್ನೆ ಶಿಬಿರದಲ್ಲಿ ಔಷಧಿ ಹಾಕಿ ಅವರ ಕಣ್ಣು ಮುಚ್ಚಿಸಿ ಕೂರಿಸಿದಾಗ, ಮುಖಕ್ಕೆ ಮುಖ ಕೊಡಬೇಕಿಲ್ಲವಲ್ಲ ಎಂಬ ಧೈರ್ಯದಲ್ಲಿ ಎಲ್ಲ ಹೇಳಿಬಿಟ್ಟೆ.

"ಗೊತ್ತು ಬುಡಿ ಸಾ. ಅವನ್ ಕೈ ಇಡ್ಕಂಡು 'ಬನ್ನಿ ಜವರಣ್ಣ' ಅಂದ್ರಲ್ಲ, ಮಳಿಗೆ ಮರೇಲೇ ಇದ್ದೆ ನಾನು. ಕೇಳುಸ್ತು."

"ಅಯ್ಯೋ, ಒಂದು ಕೂಗು ಹಾಕೋದಲ್ವಾ?"

"ಅನಿ ಮಾತಾಡಂಗಿಲ್ಲ ಅಂತ ನೀವೇ ತಾನೆ ಯೋಳಿದ್ದು?"

ಅವರ ಕೈ ಬೆಂಚಿನ ಮೇಲೆ ತಡವುತ್ತ ಬಂದು ನನ್ನ ಕೈ ಹುಡುಕಿತು. ಎರಡು ಸಲ ಅದುಮಿತು.

ನೀರು ತರಲು ಎದ್ದೆ. ಬೆಂಚಿನುದ್ದಕ್ಕೂ ಕಣ್ಣು ಮುಚ್ಚಿ ಕೂತ ಮುದುಕರು. ಎಲ್ಲರಿಗೂ ಬಿಳಿ ಅಂಗಿ, ಹೆಗಲಿಗೆ ಟವೆಲು. ನಾಲ್ಕು ಹೆಜ್ಜೆ ಹೋದವನು ವಾಪಸ್ ಬಂದೆ.

"ಜವರಣ್ಣ, ನಾನೇನಾದರೂ ಬೇರೆಯವರಿಗೆ ನೀರು ಕೊಡೋಕೆ ಹೋದ್ರೆ, ಈ ಸಲ ಕೂಗಿ."

"ಕೂಗ್ತೀನಿ, ಓಗಿ ಸಾ," ಎಂದರು.