ಆರೈಕೆ ಮಾಡುವವಳಿಗೆ ಒಂದು ಶಾಲು

ಸಿರುಗುಪ್ಪದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಕೆ ಒಮ್ಮೆಯೂ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದವಳಲ್ಲ. ಲಕ್ವ ಹೊಡೆದು ಹಾಸಿಗೆ ಹಿಡಿದ ಅಕ್ಕನನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಚಹಾ ಕೊಟ್ಟರೆ ಬಾಗಿಲಲ್ಲೇ ನಿಂತು, ಕತ್ತನ್ನು ತನ್ನ ಮನೆಯತ್ತ ವಾಲಿಸಿ ಕುಡಿಯುತ್ತಿದ್ದಳು. "ಒಳಗ ಬರಂಗಿಲ್ಲವ್ವಾ, ನನ್ನ ಕಿವಿ ಅಲ್ಲೇ ಐತಿ."

ಬಳ್ಳಾರಿಯಲ್ಲಿ ಇಂಥವರಿಗಾಗಿಯೇ ಕಾರ್ಯಾಗಾರವಿದೆ, ಮನಸ್ಸು ಹಗುರ ಮಾಡಿಕೊಳ್ಳುವುದನ್ನು ಹೇಳಿಕೊಡುತ್ತಾರೆ ಎಂದು ತಿಳಿದಾಗ, ಅಕ್ಕನ ಹತ್ತಿರ ನಮ್ಮ ಅತ್ತೆಯನ್ನು ಕೂರಿಸಿ ನಾನೇ ಕರೆದುಕೊಂಡು ಹೋದೆ. ಹೇಳಿಕೊಡುವುದು ಹಾಗಿರಲಿ, ಮುಖ್ಯ ಅತಿಥಿ ಬರುವತನಕ ದೀಪವನ್ನೇ ಹಚ್ಚಲಿಲ್ಲ. ಮಧ್ಯಾಹ್ನ ಬಂದ ಆ ಮನುಷ್ಯ, "ನೀವೆಲ್ಲ ನಡೆದಾಡುವ ದೇವತೆಗಳು. ನಿಮಗಾಗಿಯೂ ಸ್ವಲ್ಪ ಸಮಯ ಇಟ್ಟುಕೊಳ್ಳಿ" ಎಂದ. ಸಮಯವೇನು ಬ್ರೂಸ್‌ಪೇಟೆಯ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆಯೇ? ಆಕೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಷ್ಟು ದೂರದಲ್ಲೂ ಕತ್ತು ವಾಲಿಯೇ ಇತ್ತು.

ಆಮೇಲೆ ಸನ್ಮಾನ. ಆಕೆಯನ್ನು ವೇದಿಕೆಗೆ ಕರೆದು, ನಾಲ್ವರು ಸೇರಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋಕ್ಕೆ ನಿಲ್ಲಿಸಿದರು. ಎರಡು ಮಾತಾಡಿ ಎಂದು ಮೈಕು ಹಿಡಿದರು.

"ಶಾಲು ಹಾಕಾಕ ನಾಕು ಮಂದಿ ಎದ್ದು ಬಂದ್ರಿ" ಎಂದಳು. "ವಾರಕ್ಕ ಒಂದೊಪ್ಪತ್ತು ನಮ್ಮಕ್ಕನ ಹತ್ರ ಕುಂದ್ರಾಕ ಯಾರ್ ಬರ್ತೀರಿ? ಕೈ ಎತ್ರಿ."

ಕೈಗಳೇನೋ ಎದ್ದವು. ಚಪ್ಪಾಳೆ ತಟ್ಟುವುದಕ್ಕೆ.