ಹಸಿರು ಬಣ್ಣದ ಕೆಳಗಿನ ನಂಬರು

ಕಳವಾ ಸ್ಟೇಷನ್ನಿನ ಬಳಿ ಒಂಟಿ ಕೋಣೆಯ ಹನ್ನೊಂದು ಮನೆಗಳಿದ್ದ ನಮ್ಮ ಚಾಳನ್ನು ಬಿಲ್ಡರನಿಗಿಂತ ಮೊದಲೇ ಅಳಿಸಿಹಾಕಲು ಹೊರಟವನು ನಾನು. ಅದೂ ಒಂದೇ ಭಾನುವಾರದಲ್ಲಿ, ಒಂದೇ ಬ್ರಷ್ಷಿನಿಂದ.

ಚಾಳು ಕೆಡವಿ ಟವರ್ ಕಟ್ಟುವವರಿದ್ದರು. ಹಳೇ ನಿವಾಸಿಯೆಂದು ತೋರಿಸಿದವರಿಗೆ ಹೊಸ ಮನೆ, ಉಳಿದವರು ಗಂಟುಮೂಟೆ ಕಟ್ಟಬೇಕು. ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದ ಉಡುಪಿಯ ಮಾವನೊಬ್ಬರು ಸಮಿತಿ ಕಟ್ಟಿದರು. ಕಾಲೇಜಿಗೆ ಹೋಗುತ್ತಿದ್ದ ನಾನು ಅದರಲ್ಲಿ ಕುರ್ಚಿ ಹಾಕುವ ಖಾತೆಯ ಸಚಿವ. ಸರ್ವೆಯವರು ಬರುವ ಮುನ್ನ ಚಾಳು ಚೊಕ್ಕಟವಾಗಿರಲಿ ಎಂದು ಮಾವ ಹೇಳಿದ್ದೇ ತಪ್ಪಾಯಿತು. ಎಲ್ಲರೂ ಡೊಂಬಿವಲಿಗೆ ಮದುವೆಗೆ ಹೋದ ದಿನ ಹನ್ನೊಂದು ಬಾಗಿಲಿಗೂ ಹಸಿರು ಆಯಿಲ್ ಪೇಂಟ್ ಬಳಿದು, ಹೊಗಳಿಕೆಗೆ ಕಾದು ನಿಂತೆ.

ಸಂಜೆ ಮಾವ ಬಂದು ಬಾಗಿಲುಗಳನ್ನು ನೋಡಿದರು.

"ಸರ್ವೆಯವರು ಬರುವುದು ಹೆಣ್ಣು ನೋಡ್ಲಿಕ್ಕಾ ಮಾರಾಯ? ಹಿಂದಿನ ಸರ್ವೆಯ ನಂಬರು ಎಲ್ಲಿ ಉಂಟು?"

ವರ್ಷಗಳ ಹಿಂದೆ ಬಾಗಿಲುಗಳ ಮೇಲೆ ಸರಕಾರದವರು ಬರೆದುಹೋದ ನಂಬರುಗಳವು. ಉಳಿದವರ ಬಳಿ ಲೈಟ್ ಬಿಲ್ಲು, ರೇಷನ್ ಕಾರ್ಡು ಇದ್ದವು. ಎದುರು ಖೋಲಿಯಲ್ಲಿ ಇಡ್ಲಿ ಹಿಟ್ಟು ರುಬ್ಬಿ ಮಾರುತ್ತಿದ್ದ, ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದ ಹೆಂಗಸಿನ ಕಾಗದಪತ್ರ ಮಾತ್ರ ಒಂದು ಮಳೆಗಾಲ ನುಗ್ಗಿದ ನೀರಿನಲ್ಲಿ ಹೋಗಿತ್ತು. ಅವರಿಗಿದ್ದ ಪುರಾವೆ ಆ ನಂಬರೊಂದೇ. ಬಾಗಿಲು ಒರೆಸುವಾಗಲೂ ಅದಕ್ಕೆ ಒದ್ದೆ ಬಟ್ಟೆ ತಾಗಿಸುತ್ತಿರಲಿಲ್ಲ. ಅವರ ಮೇಲಿನ ಪ್ರೀತಿಗೆ ನಾನು ಅಲ್ಲಿ ಎರಡು ಕೋಟು ಬಳಿದಿದ್ದೆ.

ಸೀಮೆಎಣ್ಣೆ ಹಾಕಿ ಉಜ್ಜಿದೆ. ಹಸಿರಿನ ಜೊತೆ ನಂಬರೂ ಎದ್ದುಬಂತು. ದೊಡ್ಡಮ್ಮ ಬೈಯದೆ, ಕೈಗಂಟಿದ ಬಣ್ಣ ಒರೆಸಿಕೋ ಎಂದು ನನಗೊಂದು ಹಳೇ ಬಟ್ಟೆ ಕೊಟ್ಟರು. ಬೈದಿದ್ದರೆ ಬಚಾವಾಗುತ್ತಿದ್ದೆ.

ಹಳೇ ಫೋಟೋದಲ್ಲಾದರೂ ನಂಬರು ಕಂಡೀತು, ಎಲ್ಲರ ಆಲ್ಬಮ್ ಹುಡುಕೋಣ ಎಂದವರು ಮಾವನೇ. ನಮ್ಮ ಖೋಲಿಗಳೊಳಗೆ ನಾಲ್ಕು ಜನ ನಿಂತು ಫೋಟೋ ತೆಗೆಸಿಕೊಳ್ಳುವಷ್ಟು ಜಾಗವಿರಲಿಲ್ಲವಲ್ಲ, ಹುಟ್ಟುಹಬ್ಬವೋ ಸೀಮಂತವೋ ಎಲ್ಲವೂ ಯಾರದಾದರೂ ಬಾಗಿಲ ಮುಂದೆಯೇ. ಓಣಿಯಲ್ಲಿ ಚಾಪೆ ಹಾಸಿ ಮೂರು ದಿನ ಹುಡುಕಿದೆವು. ನಂಬರು ಹುಡುಕಲು ಕೂತವರು ಮನುಷ್ಯರಲ್ಲೇ ಸಿಕ್ಕಿಬಿದ್ದರು. ತೀರಿಹೋದವರು, ಕೋಪರಖೈರಣೆಗೆ ಮದುವೆಯಾಗಿ ಹೋದವಳು, ನೀರಿನ ನೀಲಿ ಡ್ರಮ್ಮು. ಮರಾಠಿ, ತುಳು, ಹಿಂದಿ ಎಲ್ಲ ಕಲಸಿದ ಆ ಗಲಾಟೆ ಈಗಲೂ ಒಮ್ಮೊಮ್ಮೆ ಲೋಕಲ್ ಟ್ರೇನಿನಲ್ಲಿ ನೆನಪಾಗಿ, ಇಳಿಯುವ ಸ್ಟೇಷನ್ ತಪ್ಪುತ್ತದೆ.

ಕೊನೆಗೆ ಸಿಕ್ಕಿತು. ದೊಡ್ಡಮ್ಮನ ಬಾಗಿಲು, ಸ್ಪಷ್ಟವಾದ ನಂಬರು, ಹಿಂದೆ ಸ್ಟುಡಿಯೋದ ತಾರೀಖಿನ ಮೊಹರು. ಮುಂದೆ ಮೂರು ವರ್ಷದ ನಾನು, ಚಡ್ಡಿಯಿಲ್ಲದೆ, ಕೈಯಲ್ಲಿ ಇಡ್ಲಿ ಹಿಡಿದು ಅಳುತ್ತಿದ್ದೆ. ಅದನ್ನು ಮೂರು ಪ್ರತಿ ಮಾಡಿಸಿ ಅರ್ಜಿಗೆ ಲಗತ್ತಿಸಿದೆವು. ಸರ್ವೆ ಆಫೀಸಿನ ಸಾಹೇಬರು ಫೋಟೋ ನೋಡಿದರು, ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ. ದೊಡ್ಡಮ್ಮನ ಹೆಸರು ಪಟ್ಟಿಗೆ ಸೇರಿತು.

ಚಾಳು ಹೋಯಿತು. ಟವರ್ ಏಳುವಷ್ಟರಲ್ಲಿ ಮಾವ ಊರು ಸೇರಿದ್ದರು, ನಾವು ಅಲ್ಲಿಯವರೆಗೆಂದು ಬಾಡಿಗೆಗೆ ಹೋಗಿದ್ದ ರಬಾಳೆಯಲ್ಲೇ ಬೇರೂರಿದ್ದೆವು. ಉಳಿದವರು ಒಂದೊಂದು ಮಹಡಿಗೆ ಹಂಚಿಹೋದರು. ಮೊನ್ನೆ ಒಂಬತ್ತನೇ ಮಹಡಿಗೆ ಹೋದಾಗ ದೊಡ್ಡಮ್ಮ ಬಾಗಿಲ ತೂತಿನಿಂದ ನೋಡಿ, ಖಾತ್ರಿಯಾದ ಮೇಲೆ ತೆರೆದರು. ಇಡ್ಲಿ ತಿನ್ನಿಸಿದರು. ನಾನು ಹೊರಡಲು ಚಪ್ಪಲಿ ಹಾಕುವಾಗ ಮೆಲ್ಲಗೆ ಹೇಳಿದರು:

"ಆ ಹಸಿರು ಪೇಂಟು ಉಳಿದಿದ್ರೆ ತಕೊಂಡು ಬಾ ಮಗಾ. ಇಲ್ಲಿ ಎಲ್ಲಾ ಬಾಗಿಲೂ ಒಂದೇ ಥರ, ನಿನ್ನೆ ಸಹ ಬೇರೆಯವರ ಬಾಗಿಲಿಗೆ ಕೀ ಹಾಕ್ತಾ ನಿಂತಿದ್ದೆ. ನಂಬರು ಬಿಟ್ಟು ಬಳಿ, ಆಯ್ತಾ?"