ಗದ್ದಲ ನಿಂತರೆ ಬೆಚ್ಚುವ ರೇವಣಪ್ಪ

ಔರಂಗಾಬಾದಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸೆಯ ಕೋಣೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. "ಹಾವು! ಮೈಮೇಲೆಲ್ಲ ಹಾವು!" ಎಂದು ಚೀರುತ್ತ ಮುದ್ದಣ್ಣ ಮಂಚದ ಮೇಲೆ ಒದ್ದಾಡುತ್ತಿದ್ದಾನೆ. ಸಿಸ್ಟರು ಗೋಡೆಗೆ ಅಂಟಿಕೊಂಡಿದ್ದಾರೆ. ವಾರ್ಡಿನ ಜವಾನ ರೇವಣಪ್ಪ ಮಾತ್ರ ಟ್ರೇಯ ಕತ್ತರಿಯನ್ನು ದೂರ ಸರಿಸಿ, ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಾರೆ. "ನಾ ಇಲ್ಲೇ ಅದೀನಿ ತಮ್ಮಾ. ನಿನಗ ಯಾರೂ ಏನೂ ಮಾಡಂಗಿಲ್ಲ."

ಮುದ್ದಣ್ಣ ಕರಾವಳಿಯವರ ಹೋಟೆಲಿನಲ್ಲಿ ದೋಸೆ ಹೊಯ್ಯುವವ. ಕರೆತಂದ ಗೆಳೆಯ ದೇವದಾಸ ಬಾಗಿಲಲ್ಲೇ ನಿಂತು ಹೇಳುತ್ತಾನೆ. "ಮಂಜುನಾಥ ಸ್ವಾಮಿಯ ಮೇಲೆ ಆಣೆ ಹಾಕಿ ಕುಡಿಯುವುದು ಬಿಟ್ಟದ್ದು ಮಾರಾಯ್ರೆ. ಇವತ್ತಿಗೆ ಮೂರು ದಿನ. ಕದ್ದು ಕುಡಿದನೋ ಏನೋ, ನಾಗ ಮುನಿದಿದ್ದಾನೆ. ಊರಿಗೆ ಕರ್ಕೊಂಡು ಹೋಗಿ ಪೂಜೆ ಮಾಡಿಸ್ತೇವೆ, ಬಿಡಿ."

"ಕುಡದಿಲ್ರೀ, ಅದಕ್ಕೇ ಹಿಂಗಾಗೇದ! ವರ್ಷಗಟ್ಟಲೆ ಕುಡದಾಂವ ಒಮ್ಮಿಗೇ ಬಿಟ್ರ ಹಾವು, ಚೇಳು ಕಾಣ್ತಾವ. ಈಗ ರೈಲು ಹತ್ತಿಸಿದ್ರ ಮನಮಾಡ ಸ್ಟೇಷನ್ನಿನಾಗ ಹೆಣಾ ಇಳಸ್ತೀರಿ" ಎಂದು ರೇವಣಪ್ಪ ತಡೆಯುತ್ತಾರೆ.

ಬೀದರ ಜಿಲ್ಲೆಯ ರೇವಣಪ್ಪ ಓದಿದ್ದು ನಾಲ್ಕನೇ ಇಯತ್ತೆ. ಆದರೇನು, ಹೊಸ ಡಾಕ್ಟರುಗಳು ಇವರ ಮುಖ ನೋಡಿಕೊಂಡೇ ರೋಗಿಯ ಹತ್ತಿರ ಹೋಗುತ್ತಾರೆ! ಅರವತ್ಮೂರನೇ ಇಸವಿಯಿಂದ, ಅಂದರೆ ಹನ್ನೊಂದು ವರ್ಷದಿಂದ ಇದೇ ಕೆಲಸ. ದಿನಕ್ಕೆ ನಾಲ್ಕೈದು ಮಂದಿ ಇಂಥವರು. ಹೋಳಿ ಬಂದರೆ ಹತ್ತಕ್ಕೆ ಕಮ್ಮಿಯಿಲ್ಲ. ಒಬ್ಬ ಇವರ ಹಲ್ಲು ಮುರಿದಿದ್ದಾನೆ, ಇನ್ನೊಬ್ಬ ಮುಂಗೈ ಕಚ್ಚಿದ್ದಾನೆ. ರೇವಣಪ್ಪನವರ ಹೆದರಿಕೆ ಅದಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೀಗೇ ಚೀರುತ್ತಿದ್ದವನೊಬ್ಬನನ್ನು ಬೋರಲು ಕೆಡವಿ, ಹಿರಿಯರು ಹೇಳಿದಂತೆ ಬೆನ್ನಿಗೆ ಮೊಣಕಾಲೂರಿದ್ದರು. "ಸುಮ್ಮನಾದ, ಶಾಣ್ಯಾ ಆದ ಅಂತ ನಕ್ಕಿದ್ವಿರೀ. ಉಸಿರೇ ನಿಂತಿತ್ತು." ಇದನ್ನು ಇಂದಿಗೂ ಹೊಸಬರಿಗೆಲ್ಲ ಹೇಳುತ್ತಾರೆ. ಅಂದಿನಿಂದ ಯಾವ ರೋಗಿಯನ್ನೂ ಬೋರಲು ಹಾಕಗೊಡುವುದಿಲ್ಲ. ಪೊಲೀಸರ ಜೊತೆಗೂ ಜಗಳಕ್ಕೆ ನಿಲ್ಲುತ್ತಾರೆ.

ಡಾಕ್ಟರು ಗಾಜಿನ ಸಿರಿಂಜಿನಲ್ಲಿ ಘಾಟು ವಾಸನೆಯ ಮದ್ದು ಎಳೆದು ಚುಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ಮುದ್ದಣ್ಣನ ಚೀರಾಟ ನಿಲ್ಲುತ್ತದೆ. ಎಲ್ಲರೂ ಅಬ್ಬಾ ಎನ್ನುತ್ತಾರೆ. ರೇವಣಪ್ಪನವರ ಮುಖ ಮಾತ್ರ ಬಿಳಿಚಿಕೊಳ್ಳುತ್ತದೆ. ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಯ ಜೊಲ್ಲು ಒರೆಸಿ, ಮೂಗಿನ ಕೆಳಗೆ ಅಂಗೈ ಹಿಡಿದು ಕೂರುತ್ತಾರೆ. ಚಹಾ ಬಂದರೂ ಕೈ ತೆಗೆಯುವುದಿಲ್ಲ. ಒಂದೊಂದು ಉಸಿರು ತಡವಾದಾಗಲೂ ತಮ್ಮ ಉಸಿರನ್ನೇ ಬಿಗಿಹಿಡಿಯುತ್ತಾರೆ. ಹೀಗೆ ಎರಡು ತಾಸು ಕಳೆಯುತ್ತದೆ.

ಕೊನೆಗೆ ಮುದ್ದಣ್ಣ ಅರೆಗಣ್ಣು ತೆರೆದು ಗೊಣಗುತ್ತಾನೆ. "ಯಾವನೋ ಅವ ಬೇವರ್ಸಿ? ಕೈ ತೆಗಿಯಾ!"

ದೇವದಾಸ ನಾಚಿ ಕೈ ಮುಗಿಯುತ್ತಾನೆ. ರೇವಣಪ್ಪ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ.

"ಬೈಲಿ ಬಿಡ್ರಿ. ಬೈಯಾಕ ಉಸಿರು ಬೇಕಲ್ರೀ."